ಕ್ಲಿಯರೆನ್ಸ್ ಇದ್ದರೆ ಸಾಲದು

ಪುಣೆ ಸುತ್ತಲಿನ ಭೋಸರಿ, ಪಿಂಪ್ರಿ, ಚಾಕಣ ಕಡೆಯ ವರ್ಕ್‌ಶಾಪ್‌ಗಳಲ್ಲಿ ರಕ್ಷಣಾ ಇಲಾಖೆಯ ಜಾಬ್ ಮಾಡುವ ಕನ್ನಡಿಗರಿದ್ದಾರೆ. ಅಲ್ಲಿ ಆಗಾಗ ಕೇಳಿಬರುವ ಮಾತು: "ಅವರಿಗೂ ಕ್ಲಿಯರೆನ್ಸ್ ಇದೆಯಲ್ಲ, ಡ್ರಾಯಿಂಗ್ ತೋರಿಸಿದರೆ ಏನು ತಪ್ಪು?" ಕ್ಲಿಯರೆನ್ಸ್, ಅಂದರೆ ರಹಸ್ಯ ಕಾಗದ ನೋಡಲು ಸಿಗುವ ಅರ್ಹತೆ, ಹೇಳುವುದು ಈ ಮನುಷ್ಯನನ್ನು ನಂಬಬಹುದು ಅಂತ ಮಾತ್ರ. ಈ ಕಾಗದ ಈತನ ಕೆಲಸಕ್ಕೆ ಬೇಕೇ ಅನ್ನುವುದು ಬೇರೆ ಪ್ರಶ್ನೆ, ಅದನ್ನು ಪ್ರತಿ ಕಾಗದಕ್ಕೂ ಹೊಸದಾಗಿ ಕೇಳಬೇಕು. ಅಮೆರಿಕದಲ್ಲಿ ಇದು 2009ರ 13526ನೇ ಕಾರ್ಯಾದೇಶದಲ್ಲೇ ಇದೆ. ಅರ್ಹತೆ ಸಿಕ್ಕಿರಬೇಕು, ಬಾಯಿ ಬಿಡುವುದಿಲ್ಲ ಎಂಬ ಒಪ್ಪಂದಕ್ಕೆ ಸಹಿ ಬಿದ್ದಿರಬೇಕು, ತಿಳಿಯಲೇಬೇಕಾದ ಅಗತ್ಯ ಇರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಬಾಗಿಲು ಮುಚ್ಚಿದಂತೆ, ಹುದ್ದೆ ಎಷ್ಟೇ ದೊಡ್ಡದಿರಲಿ.

ನಮ್ಮಲ್ಲಿ ನಾಲ್ಕು ಮೆಟ್ಟಿಲು: ಟಾಪ್ ಸೀಕ್ರೆಟ್, ಸೀಕ್ರೆಟ್, ಕಾನ್ಫಿಡೆನ್ಶಿಯಲ್, ರಿಸ್ಟ್ರಿಕ್ಟೆಡ್. ಬ್ರಿಟನ್ 2014ರಲ್ಲಿ ತನ್ನದನ್ನು ಮೂರಕ್ಕೆ ಇಳಿಸಿತು. ಮೆಟ್ಟಿಲನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ನಿಜವಾದ ಬಿಗಿ ಇರುವುದು ಮೆಟ್ಟಿಲಿನಲ್ಲಲ್ಲ, ಟಾಪ್ ಸೀಕ್ರೆಟ್ ಒಳಗೇ ಎಬ್ಬಿಸುವ ಅಡ್ಡಗೋಡೆಗಳಲ್ಲಿ. ಅಮೆರಿಕದವರು ಇದಕ್ಕೆ ಎಸ್‌ಸಿಐ ಅನ್ನುತ್ತಾರೆ, ಬ್ರಿಟಿಷರು ಸ್ಟ್ರ್ಯಾಪ್. ದೂರವಾಣಿ, ರೇಡಿಯೋ ಕದ್ದಾಲಿಸಿ ಸಿಕ್ಕಿದ್ದು ಒಂದು ಕೋಣೆ, ಉಪಗ್ರಹದ ಚಿತ್ರ ಇನ್ನೊಂದು, ಮನುಷ್ಯರ ಮೂಲಕ ಬಂದದ್ದು ಮತ್ತೊಂದು. ಪ್ರತಿ ಕೋಣೆಗೂ ಹೆಸರಿನ ಪಟ್ಟಿ ಬೇರೆ.

ಯಾಕೆ ಇಷ್ಟೊಂದು? ಮುಚ್ಚಿಡುವುದು ಬಹುಪಾಲು ಸುದ್ದಿಯನ್ನಲ್ಲ, ಸುದ್ದಿ ಬಂದ ದಾರಿಯನ್ನು. ಶತ್ರುವಿನ ಹಡಗು ಎಲ್ಲಿದೆ ಅನ್ನುವುದು ನಾಳೆಗೆ ಹಳಸುತ್ತದೆ. ಆದರೆ ಅದು ನಮಗೆ ಹೇಗೆ ಗೊತ್ತಾಯಿತು ಅನ್ನುವುದು ಬಯಲಾದರೆ ಆತ ಸಂಕೇತ ಬದಲಿಸುತ್ತಾನೆ, ಮುಂದಿನ ಹತ್ತು ವರ್ಷದ ಸುದ್ದಿಯೂ ಹೋಯಿತು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನರ ಸಂಕೇತ ಒಡೆದು ಹಡಗಿನ ಜಾಗ ತಿಳಿದ ಮೇಲೂ ಮೊದಲು ಒಂದು ಗಸ್ತು ವಿಮಾನ ಕಳಿಸುತ್ತಿದ್ದರು. ವಿಮಾನ ನೋಡಿದ್ದರಿಂದಲೇ ಸಿಕ್ಕಿಬಿದ್ದೆವು ಅಂತ ಹಡಗಿನವರು ನಂಬಲಿ ಎಂದು. ನಾರ್ಮಂಡಿ ದಾಳಿಯ ಜಾಗ, ದಿನ ತಿಳಿದವರ ಪಟ್ಟಿಗೆ 'ಬಿಗಟ್' ಎಂದು ಹೆಸರಿತ್ತು. 1944ರ ಏಪ್ರಿಲ್‌ನಲ್ಲಿ ತಾಲೀಮಿನ ಹೊತ್ತು ಜರ್ಮನ್ ದೋಣಿಗಳು ಹಡಗುಗಳನ್ನು ಮುಳುಗಿಸಿದಾಗ ಆ ಪಟ್ಟಿಯ 10 ಅಧಿಕಾರಿಗಳು ಕಾಣೆಯಾದರು. ಯಾರಾದರೂ ಸೆರೆ ಸಿಕ್ಕಿರಬಹುದೇ ಎಂಬ ಭಯ ತಣ್ಣಗಾದದ್ದು ಹತ್ತೂ ಶವ ಸಿಕ್ಕ ಮೇಲೆ. ಪಟ್ಟಿ ಚಿಕ್ಕದಿದ್ದುದರಿಂದ ಎಣಿಸಲಾದರೂ ಆಯಿತು.

ಈ ತರ್ಕದಿಂದಲೇ ಒಂದು ಒಳ್ಳೆಯ ಪದ್ಧತಿ ಹುಟ್ಟಿದೆ. ವರದಿಯ ನಡುವೆ ಗೆರೆ ಎಳೆಯುತ್ತಾರೆ. ಗೆರೆಯ ಮೇಲೆ ಮೂಲ, ವಿಧಾನ, ಪೂರ್ತಿ ವಿವರ. ಕೆಳಗೆ ಮೂಲದ ಸುಳಿವಿಲ್ಲದ ಸಾರ. ಕೆಳಗಿನ ತುಂಡನ್ನು ಮಾತ್ರ ಹರಿದು ಪೊಲೀಸರಿಗೋ ಕರಾವಳಿ ಪಡೆಗೋ ಕೊಡಬಹುದು. ಹೀಗೆ ಬರೆಯುವುದು ಸಲೀಸಲ್ಲ. ಕಡಿಮೆ ಬರೆದರೆ ಕೈಗೆ ಬಂದವನಿಗೆ ಏನು ಮಾಡಬೇಕೆಂದು ತಿಳಿಯದು, ಹೆಚ್ಚು ಬರೆದರೆ ಮೂಲ ಇಣುಕುತ್ತದೆ. ಗೋಡೆ ಹೆಚ್ಚಾದರೆ ಏನಾಗುತ್ತದೆಂದು ಮುಂಬೈಗೆ ಯಾರೂ ಹೇಳಿಕೊಡಬೇಕಿಲ್ಲ. ಕಾರ್ಗಿಲ್ ಬಳಿಕ 2001ರಲ್ಲಿ ಶುರುವಾದ ಮಲ್ಟಿ ಏಜೆನ್ಸಿ ಸೆಂಟರ್‌ಗೆ (ಗುಪ್ತಚರ ಸಂಸ್ಥೆಗಳು ಸುದ್ದಿ ಹಂಚಿಕೊಳ್ಳುವ ಕೇಂದ್ರ) 26/11ರ ನಂತರವೇ ನಿಜವಾದ ಬಲ ಬಂತು.

ಇನ್ನು ಕಾಗದದ ಕೈಬದಲು. ಪ್ರತಿಗೆ ಸಂಖ್ಯೆ ಬೀಳುತ್ತದೆ: 7ರಲ್ಲಿ 3ನೆಯದು. ಲಕೋಟೆ ಎರಡು. ಒಳಗಿನದಕ್ಕೆ ದರ್ಜೆಯ ಮುದ್ರೆ, ಅರಗು, ಜೊತೆಗೆ ಸ್ವೀಕೃತಿ ಚೀಟಿ. ಹೊರಗಿನದರ ಮೇಲೆ ವಿಳಾಸ ಬಿಟ್ಟು ಏನೂ ಇಲ್ಲ. ಹೊರಗಿನದಕ್ಕೂ 'ಸೀಕ್ರೆಟ್' ಎಂದು ಕೆಂಪು ಮೊಹರು ಹೊಡೆಯುವ ಉತ್ಸಾಹಿಗಳಿದ್ದಾರೆ. ಕಳ್ಳನಿಗೆ ಯಾವುದನ್ನು ಎತ್ತಬೇಕೆಂದು ತೋರಿಸಿಕೊಟ್ಟಂತೆ. ಸ್ವೀಕೃತಿ ಚೀಟಿ ಮರಳಿ ಬರುವ ತನಕ ಕಳಿಸಿದವನದೇ ಹೊಣೆ. ಕಪಾಟಿನ ಬೀಗದ ಸಂಖ್ಯೆ ಬಲ್ಲವರು ವರ್ಗವಾದರೆ ಅಥವಾ ಕೆಲಸ ಬಿಟ್ಟರೆ ಸಂಖ್ಯೆ ಅಂದೇ ಬದಲಾಗಬೇಕು. ಬಹಳ ಕಡೆ ಜಾರುವುದು ಇದೇ. ಬೀಳ್ಕೊಡುಗೆಗೆ ಶಾಲು ಬರುತ್ತದೆ, ಹಾರ ಬರುತ್ತದೆ, ಬೀಗ ಮಾತ್ರ ಹಳೆಯದೇ.

ಓದುವ ಕೋಣೆಗೂ ಅಳತೆಯಿದೆ. ಅಮೆರಿಕದ ನಿಯಮದಲ್ಲಿ ಗೋಡೆಯ ಶಬ್ದತಡೆ ಕನಿಷ್ಠ ಎಸ್‌ಟಿಸಿ (ಶಬ್ದ ತಡೆಯುವ ಬಲದ ಅಂಕ) 45, ಸ್ಪೀಕರ್ ಹಚ್ಚಿ ಮಾತಾಡುವ ಸಭಾಕೋಣೆಗೆ 50. ಗಾಳಿಯ ನಾಳ 96 ಚದರ ಇಂಚು ಮೀರಿದರೆ ಒಳಗೆ ಉಕ್ಕಿನ ಸರಳು. ಮೊಬೈಲ್ ಬಾಗಿಲಾಚೆಯ ಪೆಟ್ಟಿಗೆಯಲ್ಲಿ, ಕೈಗೆ ಕಟ್ಟಿದ ಸ್ಮಾರ್ಟ್‌ವಾಚ್ ಕೂಡ. ನಮ್ಮ ಕೇಂದ್ರ ಸರ್ಕಾರ 2022ರ ಜನವರಿಯಲ್ಲಿ ಅಧಿಕಾರಿಗಳಿಗೆ ಕಳಿಸಿದ ಸೂಚನೆಯೂ ಇದೇ ಧಾಟಿಯದು: ರಹಸ್ಯ ಸಭೆಗೆ ಫೋನ್ ಬೇಡ, ಅಲೆಕ್ಸಾ, ಸಿರಿ ಬೇಡ, ಗೋಪ್ಯ ಕಾಗದ ವಾಟ್ಸಾಪ್‌ನಲ್ಲಿ ಬೇಡ, ಟಾಪ್ ಸೀಕ್ರೆಟ್ ಮತ್ತು ಸೀಕ್ರೆಟ್ ಇಂಟರ್ನೆಟ್ ಮುಟ್ಟುವಂತೆಯೇ ಇಲ್ಲ.

ಕಂಪ್ಯೂಟರ್ ಬಂದ ಮೇಲೆ ಗೋಡೆಗೆ ಬಿದ್ದ ದೊಡ್ಡ ತೂತು, ಯಂತ್ರ ನೋಡಿಕೊಳ್ಳುವವರು. 2013ರಲ್ಲಿ ಅಮೆರಿಕದ ರಹಸ್ಯ ಕಡತ ಬಯಲು ಮಾಡಿದ ಸ್ನೋಡೆನ್ ಸಿಸ್ಟಂ ಅಡ್ಮಿನಿಸ್ಟ್ರೇಟರ್. ರಹಸ್ಯ ವರದಿಗಳನ್ನು ಹೊರಬಿಟ್ಟು 2023ರಲ್ಲಿ ಬಂಧಿತನಾದ ಜಾಕ್ ಟೆಷೇರಾ ಅಮೆರಿಕದ ವಾಯುಪಡೆಯ ನ್ಯಾಷನಲ್ ಗಾರ್ಡ್‌ನ ಐಟಿ ವಿಭಾಗದವನು. ಅವನಿಗೆ ಆ ವರದಿಗಳನ್ನು ಓದಬೇಕಾದ ಕೆಲಸವೇ ಇರಲಿಲ್ಲ, ತೆರೆಯುವ ಕೀಲಿ ಮಾತ್ರ ಇತ್ತು. ಅವನು ಟಿಪ್ಪಣಿ ಬರೆದುಕೊಳ್ಳುವುದನ್ನು ಮೇಲಿನವರು ನೋಡಿದ್ದರು, ಎಚ್ಚರಿಸಿದ್ದರು, ಆದರೆ ಕೀಲಿ ಕಸಿಯಲಿಲ್ಲ. ಶಿಕ್ಷೆ 15 ವರ್ಷ. ತಡೆಯಲಾಗದ ಕಡೆ ಕೊನೆಗೆ ಉಳಿಯುವುದು ಯಾರು ತೆರೆದರು, ಯಾರು ಮುದ್ರಿಸಿದರು ಎಂಬ ಲೆಕ್ಕ. 2017ರಲ್ಲಿ ಅಮೆರಿಕದ ಗುಪ್ತ ವರದಿಯೊಂದನ್ನು ಪತ್ರಿಕೆಗೆ ಕೊಟ್ಟ ರಿಯಾಲಿಟಿ ವಿನ್ನರ್ ಎಂಬಾಕೆ ಸಿಕ್ಕಿದ್ದು ಹಾಗೆ: ಪತ್ರಕರ್ತರ ಕೈಸೇರಿದ ಪುಟಗಳಲ್ಲಿ ಮಡಿಕೆ ಗುರುತಿತ್ತು, ಅಂದರೆ ಮುದ್ರಿಸಿ ಹೊರತಂದದ್ದು. ದಾಖಲೆ ತೆಗೆದರೆ ಮುದ್ರಿಸಿದವರು ಆರೇ ಜನ. ಆ ಆರರಲ್ಲಿ ಪತ್ರಿಕೆಯೊಂದಿಗೆ ಇಮೇಲ್ ವ್ಯವಹಾರ ಇದ್ದದ್ದು ಒಬ್ಬಳದು.

ಪುಣೆಯಲ್ಲಿ 2023ರ ಮೇನಲ್ಲಿ ಡಿಆರ್‌ಡಿಒ ಪ್ರಯೋಗಾಲಯವೊಂದರ ಮುಖ್ಯಸ್ಥರನ್ನೇ ಎಟಿಎಸ್ (ಭಯೋತ್ಪಾದನೆ ನಿಗ್ರಹ ದಳ) ಅಧಿಕೃತ ರಹಸ್ಯ ಕಾಯ್ದೆಯಡಿ ಬಂಧಿಸಿತು. ತಪ್ಪೋ ಸರಿಯೋ ನ್ಯಾಯಾಲಯ ಹೇಳುವುದು. ಅಲ್ಲಿನ ಆರೋಪ ಕಪಾಟು ಒಡೆದದ್ದಲ್ಲ, ಫೋನಿನ ಚಾಟ್. 1923ರ ಈ ಕಾಯ್ದೆಯ 3ನೇ ಕಲಮಿನಲ್ಲಿ ರಕ್ಷಣೆಗೆ ಸಂಬಂಧಿಸಿದ ಬೇಹುಗಾರಿಕೆಗೆ 14 ವರ್ಷದವರೆಗೆ, 5ನೇ ಕಲಮಿನಲ್ಲಿ ಅನಧಿಕೃತವಾಗಿ ಮಾಹಿತಿ ದಾಟಿಸಿದರೆ 3 ವರ್ಷದವರೆಗೆ ಶಿಕ್ಷೆ. 'ರಹಸ್ಯ' ಎಂದರೇನು ಅಂತ ಮಾತ್ರ ಕಾಯ್ದೆ ಹೇಳುವುದಿಲ್ಲ.

ವೆಂಡರ್‌ಗಳ ಕೈಗೆ ಟಾಪ್ ಸೀಕ್ರೆಟ್ ಬರುವುದು ವಿರಳ, ಬರುವುದು ಕೆಳಗಿನ ಮೆಟ್ಟಿಲಿನದು. ಹಾಗಂತ ಹಗುರ ಅಂದುಕೊಳ್ಳಬೇಡಿ. 2016ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾದ ಪತ್ರಿಕೆಯಲ್ಲಿ ಬಯಲಾದ ಸ್ಕಾರ್ಪೀನ್ ಕಡತಗಳ ಮೇಲಿದ್ದ ಮೊಹರು 'ರಿಸ್ಟ್ರಿಕ್ಟೆಡ್'. ಮಜಗಾಂವ್ ಡಾಕ್‌ನಲ್ಲಿ ಕಟ್ಟುತ್ತಿದ್ದ ಜಲಾಂತರ್ಗಾಮಿಯದು, 22 ಸಾವಿರ ಪುಟ ಮೀರಿತ್ತು. ಒಂದೊಂದೇ ಪುಟಕ್ಕೆ ಕಿಮ್ಮತ್ತಿಲ್ಲದಿರಬಹುದು, ಒಟ್ಟುಗೂಡಿದರೆ ಅದು ಬೇರೆಯೇ ದರ್ಜೆಯ ವಸ್ತು. ಹಾಗಾಗಿ ಒಂದು ಜಾಬಿನ ಎಲ್ಲ ಡ್ರಾಯಿಂಗ್ ಒಂದೇ ಫೋಲ್ಡರ್‌ನಲ್ಲಿ, ಒಂದೇ ಪಾಸ್‌ವರ್ಡಿನಡಿ ಇಡಬೇಡಿ. ಲೇತ್ ಆಪರೇಟರ್‌ಗೆ ಅವನ ಪಾರ್ಟಿನ ಹಾಳೆ ಸಾಕು, ಅಸೆಂಬ್ಲಿ ಡ್ರಾಯಿಂಗ್ ಬೇಡ.

ಕೆಲಸ ಮುಗಿದ ಮೇಲೆ ಹಿಂತಿರುಗಿಸಿ. ನಾಶ ಮಾಡಲು ಅನುಮತಿ ಇದ್ದರೆ ಇಬ್ಬರ ಸಹಿ ಇರಲಿ. ಅಂಗಡಿಯಲ್ಲಿ ಸಿಗುವ ಪಿ-4 ದರ್ಜೆಯ ಶ್ರೆಡ್ಡರಿನ (ಕಾಗದ ಕತ್ತರಿಸುವ ಯಂತ್ರ) ಚೂರು 160 ಚದರ ಮಿಲಿಮೀಟರ್‌ವರೆಗೂ ಇರಬಹುದು, ಅಂದರೆ ಎ4 ಹಾಳೆಗೆ ಸುಮಾರು 390 ತುಂಡು. ಪಟ್ಟು ಹಿಡಿದು ಕೂತರೆ ಜೋಡಿಸಬಹುದು. ಪಿ-7ರದು 5 ಚದರ ಮಿಲಿಮೀಟರ್, 12 ಸಾವಿರಕ್ಕೂ ಮೇಲೆ. ಹಳೆಯ ಜೆರಾಕ್ಸ್ ಯಂತ್ರವನ್ನು ಗುಜರಿಯವನಿಗೆ ತೂಗಿ ಕೊಡುವ ಮುಂಚೆ ಹಿಂದಿನ ಮುಚ್ಚಳ ಬಿಚ್ಚಿಸಿ. ಎಷ್ಟೋ ಡಿಜಿಟಲ್ ಮಾಡೆಲ್‌ಗಳೊಳಗೆ ಹಾರ್ಡ್ ಡಿಸ್ಕ್ ಇರುತ್ತದೆ, ನಕಲು ಮಾಡಿದ ಹಾಳೆಗಳ ಚಿತ್ರ ಅದರಲ್ಲಿ ಇನ್ನೂ ಕೂತಿರಬಹುದು.