ಇಜಕಾಯದಲ್ಲಿ ಕೇಳದೇ ಬಂದ ಬಟ್ಟಲಿಗೂ ಬಿಲ್ ಯಾಕೆ?

ಪ್ರಶ್ನೆ: ಆಫೀಸ್ ಕೆಲಸದ ಮೇಲೆ ಟೋಕಿಯೋಗೆ ಬಂದಿದ್ದೇನೆ. ಮೊನ್ನೆ ಮೂವರು ಇಜಕಾಯಕ್ಕೆ, ಅಂದರೆ ಇಲ್ಲಿನ ಬಾರ್ ಥರದ ಜಾಗಕ್ಕೆ ಹೋಗಿದ್ದೆವು. ಕೂತ ತಕ್ಷಣ ಮೂರು ಪುಟ್ಟ ಬಟ್ಟಲು ತಂದಿಟ್ಟರು. ಸುಮ್ನೆ ಕೊಟ್ಟಿದ್ದಾರೆ ಅಂದುಕೊಂಡು ತಿಂದೆವು. ಕೊನೆಗೆ ನೋಡಿದರೆ ಬಿಲ್‌ನಲ್ಲಿ ಅದಕ್ಕೇ 1200 ಯೆನ್! ಹೊರಗಿನವರು ಅಂತ ಟೋಪಿ ಹಾಕಿದರಾ? ಮುಂದಿನ ಸಲ ಬೇಡ ಅನ್ನಬಹುದಾ?

ಉತ್ತರ: ಟೋಪಿ ಹಾಕಿಲ್ಲ. ಪಕ್ಕದ ಟೇಬಲ್ಲಿನ ಜಪಾನಿಯರ ಬಿಲ್‌ನಲ್ಲೂ ಅದೇ ಸಾಲು ಇರುತ್ತದೆ. ಆ ಬಟ್ಟಲಿಗೆ ಓತೋಶಿ ಅಂತಾರೆ, ಒಸಾಕಾ ಕಡೆ ತ್ಸುಕಿದಾಶಿ. ತಲೆಗೆ 300ರಿಂದ 500 ಯೆನ್ ಸಾಮಾನ್ಯ, ದುಬಾರಿ ಜಾಗಗಳಲ್ಲಿ ಇನ್ನೂ ಜಾಸ್ತಿ. ನಿಮಗೆ ತಲೆಗೆ 400 ಬಿದ್ದಿದೆ, ಮಾಮೂಲಿ ರೇಟೇ.

ಗೊಂದಲ ಆಗುವುದು ಸಹಜ. ನಮ್ಮೂರಿನ ಎಷ್ಟೋ ಬಾರ್‌ಗಳಲ್ಲಿ ಬಿಯರ್ ಜೊತೆ ನಂಚಿಕೊಳ್ಳೋಕೆ ಕಡಲೆಬೀಜವೋ ಹೆಚ್ಚಿದ ಸೌತೆಕಾಯಿಯೋ ಬಿಟ್ಟಿ ಬರುತ್ತದೆ, ಇದೂ ನೋಡೋಕೆ ಹಾಗೇ ಇರುತ್ತದೆ. ಆದರೆ ಓತೋಶಿ ಹೆಸರಿಗೆ ತಿಂಡಿ, ಲೆಕ್ಕಕ್ಕೆ ಕೂತ ಜಾಗದ ಬಾಡಿಗೆ.

ಬಾಡಿಗೆ ಯಾಕೆ? ಇಜಕಾಯ ಅಂದರೆ ಬಂದು, ತಿಂದು, ಕೈ ತೊಳೆದು ಹೊರಡುವ ಹೋಟೆಲ್ ಅಲ್ಲ. ಎದೋ ಕಾಲದಲ್ಲಿ (1603ರಿಂದ 1868) ಸಾಕೆ ಅನ್ನುವ ಅಕ್ಕಿಯ ಮದ್ಯ ಮಾರುವ ಅಂಗಡಿಗಳಲ್ಲಿ ಜನ ಅಲ್ಲೇ ಕೂತು ಕುಡಿಯಲು ಶುರು ಮಾಡಿದರು, ಅಂಗಡಿಯವರು ಜೊತೆಗೆ ತಿನ್ನಲು ಏನಾದರೂ ಮಾಡಿಕೊಡತೊಡಗಿದರು, ಹಾಗೆ ಬೆಳೆದ ಜಾಗ ಇದು. ಇವತ್ತಿಗೂ ಜನ ಬರುವುದು ಮುಖ್ಯವಾಗಿ ಹರಟೆಗೆ. ಹತ್ತು ಸೀಟಿನ ಅಂಗಡಿಯಲ್ಲಿ ಒಬ್ಬ ಒಂದೇ ಒಂದು ಬಿಯರ್ ಹಿಡಿದುಕೊಂಡು ಎರಡು ಗಂಟೆ ಕೂತರೆ ಮಾಲೀಕನ ಗತಿ ಏನು? ಟಿಪ್ಸ್ ಕೊಡುವ ಪದ್ಧತಿಯೂ ಆ ದೇಶದಲ್ಲಿ ಇಲ್ಲ. (ಟೇಬಲ್ ಮೇಲೆ ದುಡ್ಡು ಬಿಟ್ಟು ಬಂದರೆ ಮರೆತಿದ್ದೀರಿ ಅಂತ ಹಿಂದೆ ಓಡಿಬಂದು ಕೊಟ್ಟಾರು.) ಇನ್ನೊಂದು ವಿಷಯ, ಬಿಯರ್ ಒಂದು ನಿಮಿಷದಲ್ಲಿ ಬರುತ್ತದೆ, ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಡುವ ಕೋಳಿ, ಯಾಕಿತೋರಿಗೆ, ಹೊತ್ತು ಬೇಕು. ಆ ನಡುವಿನ ಹೊತ್ತಿಗೆ ಈ ಬಟ್ಟಲು.

ಒಳ್ಳೆ ಕೈಯಿರುವ ಅಡುಗೆಯವರು ಇದರಲ್ಲೇ ತೋರಿಸಿಬಿಡುತ್ತಾರೆ. ಹಿಜಿಕಿ ಅನ್ನುವ ಕಪ್ಪು ಕಡಲಪಾಚಿಯ ಪಲ್ಯ, ಗೋಬೋ ಬೇರನ್ನು ಎಳೆಎಳೆಯಾಗಿ ಹೆಚ್ಚಿ ಸೋಯಾ ಸಾಸ್‌ನಲ್ಲಿ ಬಾಡಿಸಿದ್ದು, ಆಲೂಗಡ್ಡೆ ಸಲಾಡ್, ಎರಡು ತುಂಡು ಬೇಯಿಸಿದ ಮೂಲಂಗಿ, ಏನು ಬೇಕಾದರೂ ಬರಬಹುದು. ಓತೋಶಿ ರುಚಿಯಾಗಿದ್ದರೆ ಧೈರ್ಯವಾಗಿ ಉಳಿದದ್ದನ್ನು ಆರ್ಡರ್ ಮಾಡಿ. ಅದೇ ನಾಲ್ಕು ಕಾಯಿ ತಣ್ಣನೆ ಎದಮಾಮೆ (ಹಸಿರು ಸೋಯಾ ಕಾಯಿ) ಹಾಕಿ 500 ಯೆನ್ ಕೇಳಿದರೆ ನನಗೂ ಸಿಟ್ಟು ಬರುತ್ತದೆ, ಅಂಥ ಕಡೆ ಒಂದು ಗ್ಲಾಸಿಗೇ ಮುಗಿಸಿ ಎದ್ದರಾಯಿತು.

ಬೇಡ ಅನ್ನಬಹುದಾ? ಅನ್ನಬಹುದು, ಆದರೆ ಕೂತ ಕೂಡಲೇ ಅನ್ನಬೇಕು. 'ಓತೋಶಿ ನಾಶಿ ದೆ ಒನೆಗಾಯ್ ಶಿಮಸ್' ಅಂದರೆ ಸಾಕು. ಚೈನ್ ಅಂಗಡಿಗಳಲ್ಲಿ ಕೆಲವರು ಒಪ್ಪುತ್ತಾರೆ. ಅಜ್ಜನೊಬ್ಬ ನಡೆಸುವ ಸಣ್ಣ ಅಂಗಡಿಯಲ್ಲಿ ಒಪ್ಪದೇ ಇರಬಹುದು, ಅಲ್ಲಿ ವಾದ ಮಾಡಬೇಡಿ. ಬಟ್ಟಲಿಗೆ ಚಾಪ್‌ಸ್ಟಿಕ್ ಹಾಕಿದ ಮೇಲಂತೂ ಮಾತೇ ಇಲ್ಲ. ಆ ಖರ್ಚೇ ಬೇಡ ಅಂದರೆ ತೊರಿಕಿಜೊಕು ಥರದ ಚೈನ್‌ಗೆ ಹೋಗಿ, ಅಲ್ಲಿ ಓತೋಶಿ ಇಲ್ಲ, ಮೆನುವಿನಲ್ಲಿ ಎಲ್ಲಕ್ಕೂ ಒಂದೇ ಬೆಲೆ. ನಿಂತು ಕುಡಿಯುವ ಅಂಗಡಿಗಳಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ಕೂರಲು ಜಾಗವೇ ಇಲ್ಲ, ಬಾಡಿಗೆ ಎಲ್ಲಿಂದ?

ನಿಜವಾದ ಮೋಸ ಬೇರೆ ಇದೆ. ರಾತ್ರಿ ಮೋಜಿಗೆ ಹೆಸರಾದ ಟೋಕಿಯೋದ ಕಬುಕಿಚೋ ಥರದ ಬೀದಿಗಳಲ್ಲಿ ಒಬ್ಬ ಬಂದು 'ಬನ್ನಿ ಬನ್ನಿ, ಎಷ್ಟು ಬೇಕಾದರೂ ಕುಡಿಯಿರಿ, ಇಷ್ಟೇ ಯೆನ್' ಅಂತ ಇಂಗ್ಲಿಷ್‌ನಲ್ಲೇ ಕರೆಯುತ್ತಾನೆ. ಹಿಂದೆ ಹೋದರೆ ಸೀಟಿಗೊಂದು ಚಾರ್ಜು, ವೀಕೆಂಡಿಗೊಂದು ಚಾರ್ಜು, ಇನ್ನೇನೋ ಒಂದು ಚಾರ್ಜು ಸೇರಿ ಬಿಲ್ ಹತ್ತು ಪಟ್ಟು ಆಗಿರಬಹುದು. ಇದಕ್ಕೆ ಬೊತ್ತಕುರಿ ಅನ್ನುತ್ತಾರೆ. ಇಂಥವರ ಹಿಂದೆ ಹೋಗಬೇಡಿ ಅಂತ ಆ ಬೀದಿಗಳಲ್ಲಿ ಧ್ವನಿವರ್ಧಕದಲ್ಲೇ ಕೂಗಿ ಹೇಳುತ್ತಿರುತ್ತಾರೆ. ರಸ್ತೆಯಲ್ಲಿ ಕೈ ಹಿಡಿದು ಕರೆಯುವವನ ಜೊತೆ ಹೋಗಬೇಡಿ, ಅಷ್ಟೇ.

ಬಾಡಿಗೆ ಕೊಟ್ಟಾಗಿದೆ, ಹಾಗಾಗಿ ಆರಾಮಾಗಿ ಕೂರಿ. ಮೊದಲು ಬಿಸಿಬಿಸಿ ಒದ್ದೆ ಟವಲ್ ಕೊಡುತ್ತಾರೆ, ಅದು ಕೈ ಒರೆಸೋಕೆ. ಆಮೇಲೆ ಕುಡಿಯೋದಕ್ಕೆ ಹೇಳಿ, ಎಲ್ಲರ ಗ್ಲಾಸು ಬರುವ ತನಕ ಕಾದು 'ಕಂಪಾಯ್' (ಚಿಯರ್ಸ್) ಅನ್ನಿ. ನಾವು ಮಾಡುವ ಹಾಗೆ ಒಂದೇ ಸಲ ಹತ್ತು ಐಟಂ ಹೇಳಬೇಡಿ, ಪುಟ್ಟ ಟೇಬಲ್ ತುಂಬಿ ಎಲ್ಲ ತಣ್ಣಗಾಗುತ್ತದೆ. ಎರಡು ಮೂರು ಹೇಳಿ, ಹಂಚಿಕೊಂಡು ತಿಂದು, ಆಮೇಲೆ 'ಸುಮಿಮಾಸೆನ್' (ಎಕ್ಸ್‌ಕ್ಯೂಸ್ ಮಿ) ಅಂತ ಕೂಗಿ ಮತ್ತೆ ಹೇಳಿ. ಕೂಗೋಕೆ ನಾಚಿಕೆ ಬೇಡ, ಎಲ್ಲರೂ ಕೂಗುತ್ತಾರೆ. ಕೆಲವು ಕಡೆ ಟೇಬಲ್ ಮೇಲೆ ಬಟನ್ನೋ ಟ್ಯಾಬ್ಲೆಟ್ಟೋ ಇರುತ್ತದೆ. ಬಾಟಲಿ ತರಿಸಿದ್ದರೆ ಪಕ್ಕದವರ ಗ್ಲಾಸಿಗೆ ನೀವು ಸುರಿಯಿರಿ, ನಿಮ್ಮದಕ್ಕೆ ಅವರು ಸುರಿಯುತ್ತಾರೆ. ನೋಮಿಹೊದಾಯ್, ಅಂದರೆ 90 ಅಥವಾ 120 ನಿಮಿಷ ಎಷ್ಟು ಬೇಕಾದರೂ ಕುಡಿಯುವ ಪ್ಲಾನ್, ಸಾಮಾನ್ಯವಾಗಿ ಟೇಬಲ್ಲಿನ ಎಲ್ಲರೂ ತಗೊಳ್ಳಬೇಕು. ನಿಮ್ಮಲ್ಲಿ ಒಬ್ಬರು ಕುಡಿಯದವರಿದ್ದರೆ ಅದು ನಷ್ಟದ ಬಾಬತ್ತು.

ಕುಡಿಯದವರು ಹೋಗಬಹುದಾ ಅಂತ ಕೇಳುವವರೂ ಇದ್ದಾರೆ. ಧಾರಾಳವಾಗಿ ಹೋಗಿ. ಐಸ್ ಹಾಕಿದ ಊಲಾಂಗ್ ಟೀ ಎಲ್ಲ ಕಡೆ ಸಿಗುತ್ತದೆ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಆದರೆ ತಲೆಗೊಂದು ಡ್ರಿಂಕ್ ಹೇಳಲೇಬೇಕು, ಬರೀ ನೀರು ಕೇಳಿ ಕೂರುವುದು ಸರಿಯಲ್ಲ.

ಸಸ್ಯಾಹಾರಿಗಳ ಪಾಡು ಕಷ್ಟ, ಸುಳ್ಳು ಹೇಳುವುದಿಲ್ಲ. ಮಾಂಸ ಬೇಡ ಅಂದರೆ ಮೀನು ನಡೆಯುತ್ತದೆ ಅಂದುಕೊಳ್ಳುತ್ತಾರೆ, ಮೀನೂ ಬೇಡ ಅಂದರೂ ದಾಶಿ ಅವರ ಲೆಕ್ಕಕ್ಕೆ ಬರುವುದಿಲ್ಲ. ಒಣಗಿಸಿದ ಬೊನಿಟೊ ಮೀನಿನ ಆ ತಿಳಿ ಸಾರು ಬೇಯಿಸಿದ ತರಕಾರಿಯಲ್ಲೂ ಇರುತ್ತದೆ, ಸುರುಳಿ ಆಮ್ಲೆಟ್ ದಾಶಿಮಾಕಿಯಲ್ಲೂ ಇರುತ್ತದೆ, ಕರಿದ ಅಗೆದಾಶಿ ತೋಫು ಕೂರುವುದೇ ಅದರಲ್ಲಿ. ನಿಮ್ಮ ಓತೋಶಿಯಲ್ಲೂ ಇದ್ದಿರಬಹುದು. ಹಾಗಾಗಿ ಕೂತ ಕೂಡಲೇ 'ನಿಕು ಮೊ ಸಕಾನಾ ಮೊ ದಾಶಿ ಮೊ ದಾಮೆ ದೆಸ್' ಅಂದುಬಿಡಿ. ಎಷ್ಟೋ ಕಡೆ ಬಟ್ಟಲು ಬದಲಾಯಿಸಿ ಕೊಡುತ್ತಾರೆ. ಆಮೇಲೆ ಉಪ್ಪು ಹಾಕಿದ ಎದಮಾಮೆ, ಹಸಿ ಕೋಸಿನ ಎಲೆ, ಮೇಲೆ ಉದುರಿಸುವ ಮೀನಿನ ಚೂರು ಬೇಡ ಅಂತ ಹೇಳಿ ತರಿಸಿದ ತಣ್ಣನೆ ತೋಫು, ಫ್ರೆಂಚ್ ಫ್ರೈಸ್, ಶಿಶಿತೋ ಮೆಣಸಿನಕಾಯಿಯ ಕಡ್ಡಿ. ಕಡ್ಡಿ ಸುಡುವುದು ಕೋಳಿ ಸುಡುವ ಅದೇ ಕೆಂಡದ ಮೇಲೆ, ಆಗುತ್ತದೋ ಇಲ್ಲವೋ ನೀವೇ ನಿರ್ಧರಿಸಿ. ಮಡಿವಂತರಾಗಿದ್ದರೆ ಟೋಕಿಯೋದ ನಿಶಿಕಸಾಯಿ ಬಡಾವಣೆಯಲ್ಲಿ ಇಂಡಿಯನ್ ಹೋಟೆಲ್‌ಗಳಿವೆ, ಅಲ್ಲಿ ಊಟ ಮಾಡಿಕೊಂಡು ಬಂದು ಇಲ್ಲಿ ಕಂಪನಿ ಕೊಡಿ.

ಎದ್ದು ಹೊರಡುವಾಗ ಬಿಲ್ ಕೇಳೋಕೆ 'ಒಕಾಯ್ಕೇ ಒನೆಗಾಯ್ ಶಿಮಸ್' ಅನ್ನಿ, ಅಥವಾ ಎರಡು ತೋರುಬೆರಳು ಅಡ್ಡ ಹಿಡಿದು ಗುಣಾಕಾರದ ಗುರುತು ತೋರಿಸಿ. ಬಿಲ್ ಇಡೀ ಟೇಬಲ್ಲಿಗೆ ಒಂದೇ ಬರುತ್ತದೆ, ಭಾಗ ನಿಮ್ಮ ನಿಮ್ಮಲ್ಲೇ ಮಾಡಿಕೊಳ್ಳಿ. ಸಣ್ಣ ಅಂಗಡಿಗಳಿಗೆ ಕ್ಯಾಶ್ ಇಟ್ಟುಕೊಂಡು ಹೋಗಿ. ಕುಡಿಯುವ ವಯಸ್ಸು 20, ನಿಮ್ಮ ತಂಡದಲ್ಲಿ ಚಿಕ್ಕ ವಯಸ್ಸಿನವರಿದ್ದರೆ ಪಾಸ್‌ಪೋರ್ಟ್ ಕೇಳಬಹುದು. ಕೊನೆ ರೈಲು ಮಧ್ಯರಾತ್ರಿಯ ಆಸುಪಾಸಿಗೆ, ತಪ್ಪಿದರೆ ಟ್ಯಾಕ್ಸಿಗೆ ಓತೋಶಿಯ ಎಷ್ಟೋ ಪಟ್ಟು ಹೋಗುತ್ತದೆ. ಸ್ಟೇಷನ್‌ನಿಂದ ರೂಮಿಗೆ ಸೈಕಲ್ ಇಟ್ಟುಕೊಂಡವರು ಇದನ್ನೂ ಓದಿಕೊಳ್ಳಿ: 2024ರ ನವೆಂಬರ್‌ನಿಂದ ಕುಡಿದು ಸೈಕಲ್ ಓಡಿಸಿದರೂ 3 ವರ್ಷದವರೆಗೆ ಜೈಲು ಅಥವಾ 5 ಲಕ್ಷ ಯೆನ್‌ವರೆಗೆ ದಂಡ ಹಾಕಬಹುದು. ತಳ್ಳಿಕೊಂಡು ನಡೆಯಿರಿ.