ಕಾಯಿ ಎದ್ದು ನಿಂತರೆ ಕೆಳಗೆ ನೀರಿದೆಯೇ?

ಪ್ರಶ್ನೆ: ಕುಮಟಾ ಹತ್ತಿರ ಮನೆಗೆ ಬಾವಿ ತೋಡಿಸಬೇಕು. ನೀರು ನೋಡುವವರ ಅಂಗೈಯಲ್ಲಿ ತೆಂಗಿನಕಾಯಿ ಎದ್ದು ನಿಂತಿತು. ಪರೀಕ್ಷೆ ಮಾಡಿ ನೋಡೋಣ ಎಂದರೆ ದೊಡ್ಡಪ್ಪ ‘ದೇವರನ್ನೇ ಪರೀಕ್ಷೆ ಮಾಡ್ತೀಯಾ?’ ಎಂದು ಗದರುತ್ತಾರೆ. ಏನು ಮಾಡಲಿ?

ಉತ್ತರ: ಪ್ರತಿ ಬೇಸಿಗೆಯಲ್ಲೂ ಇದೇ ಪ್ರಶ್ನೆ, ಇದೇ ಉತ್ತರ: ಪರೀಕ್ಷೆ ಮಾಡಿ. ಬಾವಿಗೆ ಪೂಜೆ ಮಾಡುವುದು ನಿಮ್ಮ ಭಕ್ತಿಗೆ ಬಿಟ್ಟದ್ದು. ‘ಇಲ್ಲಿ ನೀರಿದೆ, ಅಲ್ಲಿಲ್ಲ’ ಎಂಬುದು ಮಾತ್ರ ನೆಲದ ಬಗ್ಗೆ ಹೇಳಿದ ಮಾತು. ಅದನ್ನು ಪರೀಕ್ಷಿಸಿದರೆ ದೇವರಿಗೆ ಯಾವ ಅಪಚಾರವೂ ಆಗುವುದಿಲ್ಲ.

ಕಾಯಿ ಏಳುವುದು ಸುಳ್ಳಲ್ಲ, ಹಿಡಿದವರು ಮೋಸಗಾರರೂ ಅಲ್ಲ. ಅಂಗೈ ಮೇಲೆ ಮಲಗಿಸಿದ ಕಾಯಿ ಕೈ ತುಸು ಓರೆಯಾದರೂ ಕದಲುತ್ತದೆ. ಸ್ನಾಯುಗಳ ಆ ಚಲನೆ ಕೈ ಹಿಡಿದವರಿಗೇ ತಿಳಿಯದಷ್ಟು ಸಣ್ಣದು. 1853ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿದ್ದೂ ಇದನ್ನೇ. ನಾಲ್ಕಾರು ಜನ ಸುತ್ತ ಕೂತು ಕೈಯಿಟ್ಟರೆ ಯಾವುದೋ ಅದೃಶ್ಯ ಶಕ್ತಿ ಮೇಜನ್ನು ತಿರುಗಿಸುತ್ತದೆ ಎಂದು ಇಂಗ್ಲೆಂಡಿನಲ್ಲಿ ಜನ ನಂಬಿದ್ದ ಕಾಲ ಅದು. ಫ್ಯಾರಡೆ ಕೈಗೂ ಮೇಜಿಗೂ ನಡುವೆ ಮೆತ್ತನೆಯ ಅಂಟು ಹಚ್ಚಿದ ರಟ್ಟಿನ ಪದರಗಳನ್ನಿಟ್ಟರು. ಮೇಲಿನ ರಟ್ಟೇ ಹೆಚ್ಚು ಮುಂದೆ ಸರಿದಿತ್ತು. ಅಂದರೆ ಕೈ ಮೊದಲು, ಮೇಜು ಆಮೇಲೆ. ಕೈ ಸರಿದದ್ದನ್ನು ತೋರಿಸುವ ಕಡ್ಡಿಯನ್ನು ಕೂತವರ ಕಣ್ಣೆದುರಿಗೇ ಇಟ್ಟಾಗ ಮೇಜು ತಿರುಗುವುದು ನಿಂತಿತು. ಈ ಫ್ಯಾರಡೆ ನಾಸ್ತಿಕರಲ್ಲ, ಸ್ಯಾಂಡಿಮೇನಿಯನ್ ಎಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಥದವರು. ದೊಡ್ಡಪ್ಪನವರಿಗೆ ಇದನ್ನು ಅವಶ್ಯವಾಗಿ ಹೇಳಿ.

ಇಷ್ಟಾದರೂ ಒಂದು ಮಾತು ಬಂದೇ ಬರುತ್ತದೆ: ‘ಕಾಯಿ ಎದ್ದಲ್ಲೇ ತೋಡಿದೆವು, ನೀರು ಬಂತಲ್ಲ!’ ಬರದೆ ಏನು? ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ. ಚಿರೆಕಲ್ಲಿನ ತೂತುಗಳಲ್ಲಿ ಇಳಿದ ನೀರನ್ನು ಅಡಿಯ ಜೇಡಿಮಣ್ಣು ತಡೆದು ನಿಲ್ಲಿಸುತ್ತದೆ. ಕಾಯಿ ಏಳದ ಜಾಗದಲ್ಲಿ ತೋಡಿ ನೋಡಿದವರು ಯಾರು? ಆ ಲೆಕ್ಕವಿಲ್ಲದೆ ಈ ಲೆಕ್ಕಕ್ಕೆ ಬೆಲೆಯಿಲ್ಲ.

ಸಪಾಟು ಜಾಗದಲ್ಲಿ ಹತ್ತು ಚೌಕ ಗುರುತಿಸಿ. ನೀರು ನೋಡುವವರು ಕಣ್ಣು ಬಿಟ್ಟುಕೊಂಡೇ ನಡೆದು ಕಾಯಿ ಏಳುವ ಒಂದು ಚೌಕ ಆರಿಸಲಿ. ಬಳಿಕ ಕಣ್ಣಿಗೆ ಬಟ್ಟೆ ಕಟ್ಟಿ, ದಿಕ್ಕು ಬದಲಿಸುತ್ತ 20 ಸಲ ಆರಿಸಲು ಹೇಳಿ. ಬರಿಯ ಊಹೆಗೇ ಸರಾಸರಿ ಎರಡು ಸಲ ಅದೇ ಚೌಕ ಸಿಗುತ್ತದೆ; ಹತ್ತು ಸಲ ಸಿಕ್ಕರೆ ಆಗ ಮಾತಾಡೋಣ. ಕೈಹಿಡಿದು ನಡೆಸುವವರಿಗೆ ಆ ಚೌಕ ಗೊತ್ತಿರಬಾರದು, ಗೊತ್ತಿದ್ದರೆ ಅವರ ಹೆಜ್ಜೆಯೇ ಸುಳಿವು ಕೊಡುತ್ತದೆ. ಚಪ್ಪಲಿ ಹಾಕಿಸಿ, ಬರಿಗಾಲಿಗೆ ತಗ್ಗು, ತೇವ ಎಲ್ಲ ತಿಳಿಯುತ್ತದೆ. ಎಷ್ಟು ಸಲ ಸಿಕ್ಕರೆ ಒಪ್ಪುತ್ತೀರಿ ಎಂಬುದನ್ನು ಎರಡೂ ಕಡೆಯವರು ಮೊದಲೇ ಬರೆದಿಡಿ. ಹೆಚ್ಚಿನ ಜಗಳ ಹುಟ್ಟುವುದು ಇದನ್ನು ಬಿಟ್ಟಾಗಲೇ.

ನೀವು ಕೇಳಲಿಲ್ಲ, ಆದರೂ ಹೇಳಬೇಕು: ಸಿಕ್ಕ ನೀರು ಸಿಹಿಯಾಗಿ ಉಳಿಯುತ್ತದೆಯೇ? ಕಾರವಾರದಂಥ ಕಡಲಂಚಿನಲ್ಲಿ ನೆಲದಡಿಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರದ ನೀರು ಸುಮಾರು ಶೇ. 2.5ರಷ್ಟು ಹೆಚ್ಚು ಭಾರ. ಹಾಗಾಗಿ ಮೇಲಿನ ಸಿಹಿನೀರಿನ ಮಟ್ಟ ಒಂದು ಮೀಟರ್ ಇಳಿದರೆ ಅಡಿಯ ಉಪ್ಪುನೀರು ಕ್ರಮೇಣ 40 ಮೀಟರ್‌ವರೆಗೆ ಮೇಲೇರಬಹುದು. ಅಂಥ ಕಡೆ ಆಳದ ಬೋರ್‌ವೆಲ್‌ಗಿಂತ ಆಳ ಕಡಿಮೆಯ, ಅಗಲವಾದ ಬಾವಿಯೇ ವಾಸಿ. ಅದಕ್ಕೂ ದೊಡ್ಡ ಪಂಪು ಹಚ್ಚಿ ಒಮ್ಮೆಲೇ ಬರಿದು ಮಾಡಬೇಡಿ. ಸಣ್ಣ ಪಂಪಿನಿಂದ ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಎತ್ತಿ.