ಅಷ್ಟೊಂದು ಎಣ್ಣೆಬಾವಿ ಇಟ್ಕೊಂಡು ಅಮೆರಿಕದವ್ರು ಪೆಟ್ರೋಲ್‌ಗೆ ರೇಷನ್ ಹಾಕಿದ್ದು ಯಾಕೆ?

ಎರಡನೇ ಮಹಾಯುದ್ಧದ ವಿಷ್ಯ ಬಂದಾಗೆಲ್ಲ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, "ಟೆಕ್ಸಾಸ್‌ನಲ್ಲಿ ಅಷ್ಟು ಎಣ್ಣೆ ಇತ್ತಲ್ಲ, ಇವ್ರಿಗೇನು ಬರ ಬಂದಿತ್ತು?" ಅಂತ.

ಬರ ಬಂದಿದ್ದು ಟೈರ್‌ಗೆ ಕಣ್ರೀ. 1942ರ ಶುರುವಲ್ಲೇ ಜಪಾನ್ ಮಲಯಾನೂ ಈಗಿನ ಇಂಡೋನೇಷ್ಯಾನೂ ಹಿಡ್ಕೊಂಡ್ಬಿಡ್ತು, ಅಮೆರಿಕಕ್ಕೆ ಬರ್ತಿದ್ದ ರಬ್ಬರ್‌ನಲ್ಲಿ ಹತ್ತಿರ ಹತ್ತಿರ 90 ಪರ್ಸೆಂಟ್ ಆ ಕಡೆಯಿಂದ್ಲೇ ಬರ್ತಿತ್ತು, ಅದು ನಿಂತೋಯ್ತು. ಮಿಲಿಟರಿ ಲಾರಿಗೂ ರಬ್ಬರ್ ಬೇಕು, ವಿಮಾನಕ್ಕೂ ಬೇಕು. ಅದಕ್ಕೇ ಎಲ್ಲಕ್ಕಿಂತ ಮೊದ್ಲು, ಸಕ್ಕರೆಗಿಂತ್ಲೂ ಮುಂಚೆ, ರೇಷನ್ ಬಂದಿದ್ದು ಟೈರ್‌ಗೆ. ಜೂನ್‌ನಲ್ಲಿ ಪ್ರೆಸಿಡೆಂಟ್ ರೂಸ್ವೆಲ್ಟ್ ರೇಡಿಯೋದಲ್ಲಿ ಮನೇಲಿರೋ ಹಳೇ ರಬ್ಬರ್ ಎಲ್ಲಾ ತಂದ್ಕೊಡಿ ಅಂದ್ರು, ಜನ ಹಳೇ ಟೈರು, ರೈನ್‌ಕೋಟು, ತೋಟದ ಪೈಪು ಹೀಗೆ ಸಿಕ್ಕಿದ್ದೆಲ್ಲ ಹೊತ್ಕೊಂಡು ಪೆಟ್ರೋಲ್ ಬಂಕ್‌ಗೆ ಬಂದ್ರು, ಒಂದು ಪೌಂಡ್‌ಗೆ ಒಂದು ಸೆಂಟು.

ಅಷ್ಟರಲ್ಲಿ ಎಲ್ಲಾಗುತ್ತೆ? ಗಾಡಿ ಓಡಿದ್ರೆ ತಾನೇ ಟೈರ್ ಸವೆಯೋದು, ಓಡದೇ ಇರೋ ಹಾಗೆ ಮಾಡೋಣ ಅಂತ 1942ರ ಡಿಸೆಂಬರ್ 1ರಿಂದ ಇಡೀ ದೇಶಕ್ಕೆ ಪೆಟ್ರೋಲ್ ರೇಷನ್ ತಂದ್ರು. (ಪೂರ್ವ ಕರಾವಳೀಲಿ ಮೇ ತಿಂಗಳಿಂದ್ಲೇ ಇತ್ತು, ಅಲ್ಲಿ ಮಾತ್ರ ನಿಜ್ವಾಗ್ಲೂ ಪೆಟ್ರೋಲ್ ಸಾಲ್ತಿರ್ಲಿಲ್ಲ, ಟ್ಯಾಂಕರ್ ಹಡಗುಗಳನ್ನ ಜರ್ಮನ್ ಸಬ್‌ಮರೀನ್‌ಗಳು ಮುಳುಗಿಸ್ತಿದ್ವು.) ಗಾಜಿನ ಮೇಲೆ 'ಎ' ಸ್ಟಿಕ್ಕರ್ ಇದ್ರೆ ವಾರಕ್ಕೆ 4 ಗ್ಯಾಲನ್, ಅಂದ್ರೆ ಸುಮಾರು 15 ಲೀಟರ್, ಆಮೇಲೆ ಅದೂ ಕಮ್ಮಿ ಆಯ್ತು. ಕೆಲಸಕ್ಕೆ ಗಾಡಿ ಬೇಕೇ ಬೇಕು ಅನ್ನೋರಿಗೆ 'ಬಿ', ಡಾಕ್ಟರ್ ತರದವ್ರಿಗೆ 'ಸಿ'. ಸ್ಪೀಡ್ ಲಿಮಿಟ್ ಗಂಟೆಗೆ 35 ಮೈಲಿ. ನನಗೆ ಜೋರು ಅನ್ಸಿದ್ದು ಟೈರ್ ಲೆಕ್ಕ: ಒಂದು ಕಾರಿಗೆ ಐದೇ ಟೈರು, ಅದರ ಸೀರಿಯಲ್ ನಂಬರ್ ಸಮೇತ ಬರ್ಕೊಡ್ಬೇಕು, ಆರನೇದು ಇದ್ರೆ ಸರ್ಕಾರಕ್ಕೆ ಮಾರಿದ್ರೇನೇ ಪೆಟ್ರೋಲ್ ಕೂಪನ್.

ಬ್ಲ್ಯಾಕ್ ಮಾರ್ಕೆಟ್ ಇರ್ಲಿಲ್ವಾ ಅಂದ್ರೆ, ಧಾರಾಳವಾಗಿ ಇತ್ತು, ನಕಲಿ ಕೂಪನ್ ಸಮೇತ.

ಜಪಾನ್ ಸೋತ ಸುದ್ದಿ ಬಂದ ಮಾರನೇ ದಿನಾನೇ, 1945ರ ಆಗಸ್ಟ್ 15ಕ್ಕೆ, ಪೆಟ್ರೋಲ್ ರೇಷನ್ ತೆಗೆದ್ರು. ಜನ ಫುಲ್ ಟ್ಯಾಂಕ್ ಹಾಕಿಸ್ಕೊಂಡು ಹೊರಟ್ರು, ಅದೇ ಸವೆದ ಟೈರಲ್ಲಿ, ಯಾಕಂದ್ರೆ ಟೈರ್ ರೇಷನ್ ಡಿಸೆಂಬರ್ ಕೊನೇವರೆಗೂ ಹಾಗೇ ಇತ್ತು.